ಅಪ್ಪ ಬಸ್ಸು ಹತ್ತಿದ ಭಾನುವಾರ

ಆ ದಿನಗಳಲ್ಲಿ ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಕಾರು. ಅದು ಬೆಲ್ಲದ ಮಂಡಿ ಸಾಹುಕಾರರದು. ಓಡಿಸುತ್ತಿದ್ದವರು ನಮ್ಮಪ್ಪ. ಕಾರು ನಮ್ಮದಲ್ಲದಿದ್ದರೂ ಅದರ ವಾಸನೆ ಮಾತ್ರ ದಿನಾ ಸಂಜೆ ನಮ್ಮ ಮನೆಗೆ ಬರುತ್ತಿತ್ತು. ಅಪ್ಪನ ಖಾಕಿ ಅಂಗಿಯಲ್ಲಿ ಪೆಟ್ರೋಲು, ಸೀಟಿನ ರೆಕ್ಸಿನ್ನು, ಸಾಹುಕಾರರ ಮನೆಯವರು ಮುಡಿಯುತ್ತಿದ್ದ ಮಲ್ಲಿಗೆ ಎಲ್ಲ ಬೆರೆತಿರುತ್ತಿತ್ತು. ಬೀದಿಯ ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿಯ ಘಾಟಿನ ನಡುವೆಯೂ ಅಪ್ಪ ಬಂದರೆಂದು ನನಗೂ ತಂಗಿ ಗೌರಿಗೂ ಮೂಗಿಗೇ ತಿಳಿದುಬಿಡುತ್ತಿತ್ತು. ನಾನು ಐದನೇ ಕ್ಲಾಸು, ಅವಳು ಎರಡನೇ ಕ್ಲಾಸು.

ಸಾಹುಕಾರರಿಗೆ ತಿರುಗಾಟದ ಹುಚ್ಚು. ತಲಕಾಡು, ಸೋಮನಾಥಪುರ, ಗೋಪಾಲಸ್ವಾಮಿ ಬೆಟ್ಟ, ಮಳೆಗಾಲ ಬಂದರೆ ತಪ್ಪದೆ ಭರಚುಕ್ಕಿ. ಹೋಗಿಬಂದ ದಿನ ಅಪ್ಪ ಊಟಕ್ಕೆ ಕೂತು ನಮಗೆ ಅದನ್ನೆಲ್ಲ ಹೇಳುತ್ತಿದ್ದರು. ಭರಚುಕ್ಕಿಯ ಜಲಪಾತವನ್ನು ಹೇಳುವಾಗ ಎಂಜಲುಗೈಯನ್ನೂ ಲೆಕ್ಕಿಸದೆ ಎರಡೂ ತೋಳು ಚಾಚುತ್ತಿದ್ದರು.

"ಒಂದ್ ಕಡೆ ಬೀಳದಲ್ಲ ಕಣಮ್ಮ ಅದು. ಬಂಡೆ ಉದ್ದಕ್ಕೂ ನೂರು ಜನ ನಿಂತ್ಕಂಡು ಒಟ್ಟಿಗೆ ಹಾಲಿನ ಕೊಳಗ ಬಗ್ಗಿಸ್ದಂಗೆ. ಕೆಳಗಿಳಿದ್ರೆ ಮುಖಕ್ಕೆಲ್ಲ ಹನಿ. ಮೆಟ್ಲು ಇಳಿಯೋದ್ರೊಳಗೆ ಬಟ್ಟೆ ನೆಂದೋಗಿರುತ್ತೆ."

ಗೌರಿ ಅನ್ನ ಕಲಸುವುದನ್ನೇ ಮರೆತು ಕೇಳುತ್ತಿದ್ದಳು. ನಾನು ಶಾಲೆಯಲ್ಲಿ ಅದನ್ನೇ ಗೆಳತಿಯರಿಗೆ, ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದೆ.

ಆ ವರ್ಷ ಮಳೆ ಜೋರಾಗಿ ಹಿಡಿದಿತ್ತು. ಸಾಹುಕಾರರು ಮದುವೆಯೊಂದಕ್ಕೆ ರೈಲಿನಲ್ಲಿ ದೂರದೂರಿಗೆ ಹೋದದ್ದರಿಂದ ಅಪ್ಪನಿಗೆ ಅಪರೂಪಕ್ಕೆ ಭಾನುವಾರ ರಜೆ ಸಿಕ್ಕಿತು. ಗುರುವಾರ ಸಂಜೆ ಅಮ್ಮ ಹಪ್ಪಳದ ಹಿಟ್ಟು ನಾದುತ್ತಾ ತಲೆ ಎತ್ತದೆ ಹೇಳಿದಳು: "ಭಾನುವಾರ ಭರಚುಕ್ಕಿಗೆ ಹೋಗೋಣ್ರೀ."

ಅಪ್ಪ ನಕ್ಕರು. "ಗಾಡಿ ಇಲ್ದೆ ಅಲ್ಲಿಗೆ ಓಗಕ್ಕಾಗಲ್ಲ ಕಣೆ."

"ಬಸ್ಸಿಲ್ವಾ?"

"ಐತೆ. ಕೊಳ್ಳೇಗಾಲಕ್ಕೊಂದು ಬಸ್ಸು. ಅಲ್ಲಿಂದ ಸತ್ತೇಗಾಲದ ಹ್ಯಾಂಡ್ ಪೋಸ್ಟಿಗೆ ಇನ್ನೊಂದು. ಆಮೇಲೆ ನಡೀಬೇಕು. ಓಗೋಕೆ ನಾಕೈದ್ ಗಂಟೆ, ಬರೋಕೆ ನಾಕೈದ್ ಗಂಟೆ, ನೋಡೋಕೆ ಒಂದ್ ಗಂಟೆ. ಅದಕ್ಕೆ ಮಕ್ಕಳನ್ನ ಎಳ್ಕಂಡು ಓಗ್ಬೇಕಾ?"

"ಒಂದ್ ಗಂಟೆ ನೋಡ್ತೀವಲ್ಲ."

ನಾನು ನಡುವೆ ಬಾಯಿ ಹಾಕಿ, ಸಾಹುಕಾರರು ಹೇಗೂ ಊರಲ್ಲಿಲ್ಲ, ಕಾರು ಕೇಳಬಹುದಿತ್ತಲ್ಲ ಎಂದೆ. ಅಪ್ಪ ಸರಕ್ಕನೆ ನನ್ನ ಕಡೆ ತಿರುಗಿದರು. "ಅವರ ಸೀಟಲ್ಲಿ ನಿಮ್ಮನ್ನ ಕೂರ್ಸ್ಕಂಡು ಓಗಿ, ನಾಳೆ ಅದೇ ಸೀಟು ನಾನೇ ಒರೆಸ್ಬೇಕು. ಬ್ಯಾಡ" ಎಂದರು.

ಶುಕ್ರವಾರವೂ ಅದೇ ಮಾತು, ಶನಿವಾರವೂ ಅದೇ. ಅಪ್ಪ ಒಂದೊಂದು ಸಲ ಒಂದೊಂದು ಕಾರಣ ಹೇಳುತ್ತಿದ್ದರು. ಗೌರಿಗೆ ಬಸ್ಸಿನಲ್ಲಿ ವಾಂತಿ, ಮಳೆ, ಸಂಜೆ ವಾಪಸು ಬಸ್ಸು ಸಿಗುವುದಿಲ್ಲ. ಅಮ್ಮ ಮಾತ್ರ ಒಂದೇ ಹೇಳುತ್ತಿದ್ದಳು. "ಮದುವೆಯಾಗಿ ಹನ್ನೆರಡು ವರ್ಷ ನಿಮ್ಮ ಬಾಯಲ್ಲೇ ನೋಡ್ದೆ. ನಂಗೂ ಕಣ್ಣಲ್ಲಿ ನೋಡ್ಬೇಕು." ಸೀರೆಯನ್ನಾಗಲಿ, ಓಲೆಯನ್ನಾಗಲಿ ಕೇಳಿ ಹಟ ಹಿಡಿದವಳಲ್ಲ ನಮ್ಮಮ್ಮ. ಶನಿವಾರ ಸಂಜೆ ಅವಳು ಯಾರನ್ನೂ ಕೇಳದೆ ಚಿತ್ರಾನ್ನಕ್ಕೆ ನಿಂಬೆಹಣ್ಣು ತರಿಸಿದಾಗ ಅಪ್ಪ ವಾದ ಬಿಟ್ಟರು.

ಬೆಳಕು ಹರಿಯುವ ಮುಂಚೆ ಒಗ್ಗರಣೆಯ ವಾಸನೆಗೆ ಎಚ್ಚರವಾಯಿತು. ಚಿತ್ರಾನ್ನ, ಮೊಸರನ್ನ, ಬಾಳೆಲೆಯಲ್ಲಿ ಕಟ್ಟಿದ ಚಪಾತಿ. ಬುಟ್ಟಿ ಹೊತ್ತು ಸಬರ್ಬ್ ಬಸ್ ಸ್ಟ್ಯಾಂಡಿಗೆ ನಡೆದು ಕೊಳ್ಳೇಗಾಲದ ಬಸ್ಸು ಹಿಡಿದೆವು. ಗೌರಿ ಅಮ್ಮನ ತೊಡೆಯ ಮೇಲೆ, ನಾನು ಅಪ್ಪನ ಪಕ್ಕ.

ಅಪ್ಪನಿಗೆ ಸುಮ್ಮನೆ ಕೂರಲು ಬರಲಿಲ್ಲ. ತಿರುವು ಬಂದಾಗಲೆಲ್ಲ ಅವರ ಬಲಗಾಲು ಬ್ರೇಕು ಹುಡುಕಿಕೊಂಡು ಬಸ್ಸಿನ ತಗಡನ್ನು ಒತ್ತುತ್ತಿತ್ತು. ಎದುರಿಗೆ ಲಾರಿ ಬಂದರೆ ಮೈ ಬಿಗಿಯುತ್ತಿತ್ತು. ಅಮ್ಮ ನೋಡಿ ನೋಡಿ ಅವರ ಮೊಣಕಾಲ ಮೇಲೆ ಕೈಯಿಟ್ಟಳು. "ಬಸ್ಸಿಗೆ ಡ್ರೈವರ್ ಅವ್ರೆ ಕಣ್ರೀ. ನೀವು ಆಚೆ ನೋಡಿ."

ನರಸೀಪುರದ ಸೇತುವೆಯ ಮೇಲೆ ಅಪ್ಪ ನನ್ನ ತಲೆಯ ಮೇಲಿಂದ ಬಾಗಿ ಕಿಟಕಿಯಾಚೆ ನೋಡತೊಡಗಿದರು. ಕೆಂಪು ನೀರು ದಂಡೆ ತುಂಬಿ ಹರಿಯುತ್ತಿತ್ತು. "ಇಷ್ಟು ಅಗಲ ಐತಾ ಹೊಳೆ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆ ದಾರಿಯಲ್ಲಿ ಅಷ್ಟು ಸಲ ಹೋಗಿಬಂದವರು ಹಾಗೆ ಅಂದದ್ದು ನನಗೆ ವಿಚಿತ್ರವೆನಿಸಿತು.

ಕೊಳ್ಳೇಗಾಲದಲ್ಲಿ ಅಪ್ಪ ಹೇಳಿದ್ದೆಲ್ಲ ನಿಜವಾಯಿತು. ಮುಂದಿನ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಗಂಟೆಗಟ್ಟಲೆ ಕಾದು ಇನ್ನೊಂದು ಹಿಡಿದು ಹ್ಯಾಂಡ್ ಪೋಸ್ಟಿನ ಕೂಡುರಸ್ತೆಯಲ್ಲಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಗೌರಿ ಎರಡು ಸಲ ವಾಂತಿ ಮಾಡಿ ಬಾಡಿಹೋಗಿದ್ದಳು. ಸಾಲದ್ದಕ್ಕೆ ಅವಳ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಭರಚುಕ್ಕಿಗೆ ಇನ್ನೂ ಐದಾರು ಕಿಲೋಮೀಟರು ದೂರ.

ಅಪ್ಪ ಬುಟ್ಟಿ ಕೆಳಗಿಟ್ಟರು. "ನೋಡು, ಈಗ್ಲೇ ತಿರುಗಿದ್ರೆ ಹೊತ್ತು ಮುಳುಗೋಕ್ ಮುಂಚೆ ಮನೆ ಸೇರ್ಬೋದು. ಇಲ್ಲೇ ಮರದ ಕೆಳಗೆ ಉಂಡ್ಕಂಡು ಓಗ್ಬುಡೋಣ."

ಅಮ್ಮ ಗೌರಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳೂ ದಣಿದಿದ್ದಳು. ಈಗ ಹೂಂ ಎನ್ನುತ್ತಾಳೆ ಎಂದು ನನಗೆ ಅಳು ಒತ್ತಿ ಬಂತು.

"ಇಲ್ಲಿಗಂಟ ಬಂದು ಸದ್ದೂ ಕೇಳ್ದೆ ಓಗೋದಾ? ಮಗೀನ ಎತ್ಕಳಿ, ಬುಟ್ಟಿ ನಾನ್ ಹೊತ್ಕತೀನಿ" ಎಂದಳು ಅಮ್ಮ.

ಅಪ್ಪ ಗೌರಿಯನ್ನು ಹೆಗಲ ಮೇಲೆ ಕೂರಿಸಿಕೊಂಡರು. ಒಂದಷ್ಟು ದೂರ ನಡೆಯುವಷ್ಟರಲ್ಲಿ ಟ್ರಾಕ್ಟರೊಂದು ನಿಂತು ನಮ್ಮನ್ನು ಹತ್ತಿಸಿಕೊಂಡಿತು. ಟ್ರೈಲರಿನ ಹುಲ್ಲಿನ ಮೇಲೆ ಕೂತು ಕುಲುಕುತ್ತಾ ಹೋಗುವಾಗ ಗೌರಿಗೆ ಜೀವ ಬಂದು, ಚಪಾತಿ ಕೊಡು ಎಂದಳು.

ಭರಚುಕ್ಕಿಯ ಹತ್ತಿರ ಮರಗಳ ಕೆಳಗೆ ನಾಲ್ಕೈದು ಕಾರು ನಿಂತಿದ್ದವು. ಟ್ರಾಕ್ಟರಿನಿಂದಿಳಿದ ಅಪ್ಪನ ಕಾಲು ತಾನಾಗಿಯೇ ಅತ್ತ ಹೋಯಿತು. ಅಲ್ಲಿ ಬೀಡಿ ಸೇದುತ್ತಾ ಕೂತಿದ್ದ ಮೈಸೂರಿನ ಡ್ರೈವರೊಬ್ಬರು ಗುರುತು ಹಿಡಿದು, "ಏನಣ್ಣ, ಗಾಡಿ ಎಲ್ಲಿ?" ಎಂದರು.

"ಇವತ್ತು ಗಾಡಿ ಇಲ್ಲ. ಮನೆಯೋರ ಜೊತೆ ಬಂದಿವ್ನಿ."

ಗೌರಿ ಅಪ್ಪನ ಕೈ ಜಗ್ಗಿದಳು. "ಅಪ್ಪ, ಮೆಟ್ಲು ಎಲ್ಲಿ?"

ಅಪ್ಪ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ಪೊದೆಗಳ ಕಡೆ ಹೋಗುವ ಒಂದು ಕಾಲುದಾರಿಯನ್ನು ತೋರಿಸಿದರು. ಆ ಡ್ರೈವರು ನಕ್ಕರು. ಕೆಟ್ಟ ನಗುವಲ್ಲ ಅದು. "ಆ ಕಡೆ ಅಲ್ಲಣ್ಣ. ಈ ಅಣ್ಣಂಗೆಲ್ಲಿ ಗೊತ್ತು ಕಣಮ್ಮ, ಎಷ್ಟು ಸಲ ಬಂದ್ರೂ ಗಾಡಿ ಬುಟ್ಟು ಅಲ್ಲಾಡ್ದೋರು. ನಾವ್ ಕರೆದ್ರೂ ಬರಲ್ಲ, ಸಾಮಾನು ಐತೆ ಅಂತಾರೆ."

ಅಪ್ಪ ತಲೆ ತಗ್ಗಿಸಿ ಗೌರಿಯ ಕಿತ್ತ ಚಪ್ಪಲಿಯನ್ನು ನೋಡುತ್ತಾ ನಿಂತರು. ಹತ್ತು ವರ್ಷದ ನನಗೂ ಅರ್ಥವಾಯಿತು. ಅಷ್ಟು ವರ್ಷ ಅಪ್ಪ ನಮಗೆ ಕೊಟ್ಟ ಜಲಪಾತವನ್ನು ಅಪ್ಪ ಕಂಡೇ ಇರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಪ್ಪ ಇದ್ದಕ್ಕಿದ್ದಂತೆ ಸಣ್ಣವರಾದಂತೆ ಕಂಡರು.

ಅಮ್ಮ ಬುಟ್ಟಿಯನ್ನು ಸೊಂಟಕ್ಕೆ ಬದಲಾಯಿಸಿ ಇನ್ನೊಂದು ಕೈಯಲ್ಲಿ ಅಪ್ಪನ ಮಣಿಕಟ್ಟು ಹಿಡಿದಳು. ನಾಲ್ಕು ಜನರ ಎದುರು ಅವಳು ಅಪ್ಪನ ಕೈ ಹಿಡಿದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. "ಬನ್ನಿ. ಸದ್ದು ಬರ್ತಿರೋ ಕಡೆ ಓಗೋಣ" ಎಂದಳು.

ಮೊದಲು ಕಂಡದ್ದು ಹೊಗೆಯಂತೆ ಏಳುತ್ತಿದ್ದ ಹನಿ. ಇನ್ನೆರಡು ಹೆಜ್ಜೆಗೆ ಬಂಡೆಯ ಉದ್ದಕ್ಕೂ ನೀರು. ಅದು ಹಾಲಿನಂತಿರಲಿಲ್ಲ. ಮಣ್ಣು ಕದಡಿ ಚಹಾದ ಬಣ್ಣ, ಅಂಚುಗಳಲ್ಲಿ ಮಾತ್ರ ಬಿಳಿ. ನೆಲವೇ ನಡುಗುವಂಥ ಸದ್ದು. ಊಟದ ಹೊತ್ತಿನಲ್ಲಿ ತೋಳು ಚಾಚಿ ವರ್ಣಿಸುತ್ತಿದ್ದ ಅಪ್ಪ ಎರಡೂ ಕೈ ಇಳಿಬಿಟ್ಟು ನಿಂತುಬಿಟ್ಟರು. ಮೆಟ್ಟಿಲಿಳಿದು ಕೆಳಗೆ ಹೋದಾಗ ಹನಿಗಳು ಅವರ ಮೀಸೆಯ ಮೇಲೆ ಕೂತವು. ಒರೆಸಿಕೊಳ್ಳಲಿಲ್ಲ.

ಆಮೇಲೆ ಅಮ್ಮನ ಕಿವಿಯ ಹತ್ತಿರ ಬಾಗಿ, ಸದ್ದಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು: "ವಾಪಸ್ ಓಗುವಾಗ ಸಾಹುಕಾರ್ರು ಹಿಂದಿನ ಸೀಟಲ್ಲಿ ಮಾತಾಡ್ಕತಿದ್ರು. ಅದನ್ನೇ ನಿಮಗೆ ಹೇಳ್ತಿದ್ದೆ."

"ಇನ್ಮೇಲೆ ಕಂಡಿದ್ನೇ ಹೇಳಿ" ಎಂದಳು ಅಮ್ಮ.

ನಮಗೆ ಅಲ್ಲಿ ಸಿಕ್ಕಿದ್ದು ಒಂದು ಗಂಟೆಯೂ ಅಲ್ಲ. ಅಷ್ಟರಲ್ಲೇ ನೆನೆದ ಬಟ್ಟೆಯಲ್ಲಿ ಬಂಡೆಯ ಮೇಲೆ ಕೂತು ಚಿತ್ರಾನ್ನ ತಿಂದೆವು. ವಾಪಸು ಬರುವಾಗ ಬಸ್ಸಿನಲ್ಲಿ ಜಾಗ ಸಿಗದೆ ನರಸೀಪುರದವರೆಗೆ ನಿಂತೇ ಬಂದೆವು. ಜಾಗ ಸಿಕ್ಕಿದ ಮೇಲೆ ಅಪ್ಪ ಗೌರಿಯನ್ನು ಎದೆಗೊರಗಿಸಿಕೊಂಡು ಬಾಯಿ ತೆರೆದು ನಿದ್ದೆ ಹೋದರು. ಚಲಿಸುವ ಗಾಡಿಯಲ್ಲಿ ಅಪ್ಪ ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾರನೆಯ ದಿನ ಮಳೆ ಬಿಟ್ಟು ಬಿಸಿಲು ಬಿದ್ದಾಗ ಹಪ್ಪಳ ಒಣಹಾಕುತ್ತಿದ್ದ ಅಮ್ಮನನ್ನು ಕೇಳಿದೆ. "ಅಪ್ಪ ಅದನ್ನ ನೋಡೇ ಇರ್ಲಿಲ್ಲ ಅಂತ ನಿಂಗೆ ಗೊತ್ತಿತ್ತಾ?"

ಅಮ್ಮ ಒಂದು ಸಾಲು ಹಪ್ಪಳ ಹರಡಿ ಮುಗಿಸಿದಳು. "ಸಾಹುಕಾರರ ಮನೆಯೋರು ಒಂದ್ ಸಲ ಬಾಯ್ತಪ್ಪಿ ಅಂದಿದ್ರು, ನಿಮ್ಮ ಯಜಮಾನ್ರು ಕಾರು ಬಿಟ್ಟು ಇಳಿಯೋದೇ ಇಲ್ಲ ಅಂತ. ಬನ್ನಿ ನಿಮಗೆ ತೋರಿಸ್ತೀನಿ ಅಂದಿದ್ರೆ ನಿಮ್ಮಪ್ಪ ಬರ್ತಿದ್ರಾ? ನಂಗೆ ನೋಡ್ಬೇಕು ಅಂದ್ರೆ ತಾನೇ ಹೊರಡೋದು." ಮತ್ತೆ ನನ್ನ ಕಡೆ ನೋಡಿ, "ಇದನ್ನ ಅವರ ಹತ್ರ ಆಡ್ಬೇಡ" ಎಂದಳು. ಅಪ್ಪ ಇರುವವರೆಗೂ ನಾನು ಆಡಲಿಲ್ಲ.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ಸರಸ್ವತಿಪುರಂನ ನಮ್ಮ ಮನೆಯ ಮುಂದೆ ಈಗ ನಮ್ಮದೇ ಕಾರು ನಿಲ್ಲುತ್ತದೆ. ಭರಚುಕ್ಕಿ ಎರಡು ಗಂಟೆಯ ದಾರಿ. ಹೋಗುವ ಮುಂಚೆ ಫೋನಿನಲ್ಲಿ ನೀರು ಎಷ್ಟಿದೆ, ಜನ ಎಷ್ಟಿದ್ದಾರೆ ಎಂದು ಮಕ್ಕಳು ನೋಡುತ್ತಾರೆ. ಅಷ್ಟೇನಿಲ್ಲ ಎನ್ನಿಸಿದರೆ ಬಿಡುತ್ತೇವೆ. ಹೆಚ್ಚಿನ ಭಾನುವಾರಗಳು ಹಾಗೇ ಬಿಟ್ಟುಹೋಗುತ್ತವೆ. ಯಾವ ಜಾಗಕ್ಕಾಗಿಯೂ ನಮ್ಮ ಮನೆಯಲ್ಲಿ ಮೂರು ದಿನ ಯಾರೂ ವಾದ ಮಾಡುವುದಿಲ್ಲ.

ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಮಂಡಿನೋವು. ಎಲ್ಲಿಗಾದರೂ ಹೊರಟು "ಬಾಮ್ಮ" ಎಂದರೆ, "ನೀವು ಓಗ್ಬನ್ನಿ ಕಣಮ್ಮ, ನಂಗೇನ್ ನೋಡೋದಿದೆ" ಎನ್ನುತ್ತಾಳೆ. ಸರಿ ಎಂದು ನಾವು ಹೊರಟುಬಿಡುತ್ತೇವೆ. ಭರಚುಕ್ಕಿಗೆ ಹೊರಟ ಆ ವಾರ ಅಪ್ಪ ಬೇಡ ಎಂದಾಗ ಅಮ್ಮ ಒಂದು ಸಲವೂ ಸರಿ ಎಂದಿರಲಿಲ್ಲ.