ಮೃದಂಗದ ರವೆ ತಿಂದ ಮನೆ

ಬೆಳಿಗ್ಗೆ ಸೊಸೆ ತುಪ್ಪದಲ್ಲಿ ರವೆ ಹುರಿಯುವ ಘಮ ಬಂದದ್ದೇ ತಡ, ಮಂಡಿನೋವು ಮರೆತು ಅಡುಗೆಮನೆಗೆ ಓಡಿದೆ. ಅದು ಎಲ್ಲಿಯ ರವೆ ಎಂದು ಕೇಳಿದೆ. ಅಂಗಡಿಯದು ಎಂದಳು. ಉಸಿರು ಬಿಟ್ಟೆ. ಇವತ್ತು ಸಂಜೆ ಹಾಸನದಲ್ಲಿ ನನ್ನ ಮೊಮ್ಮಗಳು ಮೊದಲ ಸಲ ದೊಡ್ಡ ಕಚೇರಿಗೆ ಮೃದಂಗ ನುಡಿಸುತ್ತಾಳೆ. ಹಾಲಿನವನಿಗೆ, ಹೂವಿನವಳಿಗೆ, ಮೀಟರ್ ನೋಡಲು ಬಂದವನಿಗೆ ಹೇಳಿಯಾಯಿತು. ಇನ್ನು ಉಳಿದವರು ನೀವು. ರವೆಗೂ ಮೃದಂಗಕ್ಕೂ ಏನು ನಂಟು ಎನ್ನುತ್ತೀರಾ? ಕೂತುಕೊಳ್ಳಿ.

ನಾನು ಮಲ್ಲಿಪಟ್ಟಣದಿಂದ ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದದ್ದು ಯುದ್ಧದ ಕಾಲದಲ್ಲಿ. ಮೂರನೇ ಕ್ಲಾಸಿಗೇ ಪಾಟಿ ಕೆಳಗಿಟ್ಟವಳು. ಯಾವ ರಾಗ ಎಂದು ಕೇಳಿದರೆ ಇವತ್ತಿಗೂ ಸುಮ್ಮನೆ ತಲೆದೂಗಿ ತಪ್ಪಿಸಿಕೊಳ್ಳುತ್ತೇನೆ. ನನ್ನ ಯಜಮಾನರಿಗೋ ಮೃದಂಗದ ಹುಚ್ಚು. ಊಟಕ್ಕೆ ಕೂತರೆ ತಟ್ಟೆಯ ಅಂಚೂ ನುಡಿಯಬೇಕು. ಮಾವನವರದು ಚನ್ನರಾಯಪಟ್ಟಣದಲ್ಲಿ ಬೆಲ್ಲದ ಮಂಡಿ. ಒಬ್ಬನೇ ಮಗ ಚರ್ಮ ತಟ್ಟುತ್ತಾ ಕೂತರೆ ಯಾವ ಅಪ್ಪ ಸಹಿಸುತ್ತಾನೆ? ಆ ವರ್ಷದ ರಾಮನವಮಿಗೆ ಮೈಸೂರಿನ ದೊಡ್ಡ ವಿದ್ವಾಂಸರೊಬ್ಬರ ಹಾಡುಗಾರಿಕೆ, ನಮ್ಮವರದು ಮೃದಂಗ ಎಂದು ಗೊತ್ತಾದಾಗ ಮಾವನವರು ಒಂದೇ ಮಾತು ಹೇಳಿದರು: "ಇದ್ರಲ್ಲಿ ಗೆದ್ರೆ ನಿನ್ನ ದಾರಿ ನಿಂದು. ಕೆಡ್ಸುದ್ಯೋ, ಅದ ಅಟ್ಟಕ್ಕಾಕಿ ಮಂಡಿಗೆ ಬಾ." ನಮ್ಮವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮೃದಂಗದ ಬಲಗಡೆ ಕಪ್ಪು ಬಿಲ್ಲೆ ಯಾವಾಗಲೂ ಇರುತ್ತದೆ. ಎಡಗಡೆಗೆ ಮಾತ್ರ ಕಚೇರಿಗೆ ಮುಂಚೆ ರವೆ ನೆನೆಸಿ ನಾದಿ ಮೆತ್ತಬೇಕು. ಇಲ್ಲದಿದ್ದರೆ ಗುಮ್ಮೆನ್ನುವ ನಾದ ಬಾರದೆ ಖಾಲಿ ಡಬ್ಬ ತಟ್ಟಿದಂತಾಗುತ್ತದೆ. ಆಗ ಗೋಧಿ ರವೆ ಕಣ್ಣಿಗೆ ಬೀಳುವುದೇ ಕಷ್ಟ. ನಮ್ಮವರು ಹಾಸನದಲ್ಲಿ ಯಾರನ್ನೋ ಕಾಡಿ ಒಂದು ಪಾವಿನಷ್ಟು ತಂದು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿದ್ದರು.

ಕಚೇರಿಯ ದಿನ ಸಂಜೆ ಮೃದಂಗ ಇಳಿಸಿಕೊಂಡು ನೋಡುತ್ತಾರೆ, ಗಂಟು ಇಲ್ಲ. ಅತ್ತೆಯನ್ನು ಕೇಳಿದರು.

"ಆ ಬಟ್ಟೆ ಗಂಟಲ್ಲಿದ್ದುದ್ದಾ ಮಗಾ? ಬೆಳಿಗ್ಗೆ ಎಲ್ಡು ಸಲ ಆಕುಸ್ಕೊಂಡು ತಿಂದ್ಯಲ್ಲಾ."

ಮಗನ ದೊಡ್ಡ ದಿನವೆಂದು ಅತ್ತೆ ಅದರಲ್ಲಿ ಸಜ್ಜಿಗೆ ಮಾಡಿದ್ದರು. ದ್ರಾಕ್ಷಿ ಬೇರೆ ಹಾಕಿದ್ದರು. ಎಲ್ಲರೂ ಬೆರಳು ನೆಕ್ಕಿ ತಿಂದಿದ್ದೆವು. ಹೊಟ್ಟೆ ಸೇರಿದ ರವೆ ನುಡಿಯುತ್ತದೆಯೇ? ಬೀದಿಯ ಮನೆಮನೆಗೂ ಹೋಗಿ ಕೇಳಿದೆ, ಎಲ್ಲೂ ಇಲ್ಲ. ಅಕ್ಕಿ ತರಿ ನೆನೆಸಿ ಮೆತ್ತಿದರು. ಎರಡೇ ಪೆಟ್ಟು ಬೀಳುತ್ತಲೇ ಉದುರಿ ಪಂಚೆಯ ಮೇಲೆ ಬಿತ್ತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಮೂಲೆಯಲ್ಲಿ ಕೂತುಬಿಟ್ಟರು.

ನಾನು ರಾತ್ರಿಯ ಊಟಕ್ಕೆಂದು ಮುದ್ದೆ ತೊಳಸಿ ಎದ್ದು ಬಂದವಳು, ಕೈಗೆ ಅಂಟಿದ್ದನ್ನು ಒರೆಸಿಕೊಳ್ಳಲೂ ತೋಚದೆ ನಿಂತಿದ್ದೆ. ನಮ್ಮವರ ಕಣ್ಣು ನನ್ನ ಬೆರಳ ಮೇಲೆ ಬಿತ್ತು. "ಅದ ತತ್ತಾ ಇಲ್ಲಿ" ಎಂದರು. ಪೂಜೆ ಮಾಡುವ ವಾದ್ಯಕ್ಕೆ ಬೇಯಿಸಿದ ಮುಸುರೆ ಮುದ್ದೆಯೇ ಎಂದು ನಾನು ಹಿಂಜರಿದೆ. ಮೂಲೆಯಿಂದ ಅತ್ತೆ ಎದ್ದರು. "ರಾಗಿ ಏನು ಮೈಲಿಗೆಯಾ? ಕೊಡವ್ವ" ಎಂದರು. ನಮ್ಮವರು ಮೆತ್ತಿ ಒಂದು ಪೆಟ್ಟು ಹಾಕಿದರು. ಗುಮ್ಮೆಂದಿತು. ಇನ್ನೊಂದು ಉಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ಹೋಗುವಾಗ ತಿರುಗಿ, "ಸಜ್ಜಿಗೆ ಚೆನ್ನಾಗಿತ್ತು ಕಣವ್ವ" ಎಂದರು. ಅತ್ತೆ ಅತ್ತದ್ದು ಆಗ.

ವೇದಿಕೆಯಲ್ಲಿ ವಿದ್ವಾಂಸರು ಮೃದಂಗದ ಎರಡೂ ಮುಖ ಕಪ್ಪಗಿರುವುದನ್ನು ನೋಡಿ, "ಏನಯ್ಯಾ, ಎರಡು ಬಲಗಡೆ ತಂದಿದ್ದೀಯ?" ಎಂದರಂತೆ. ನಮ್ಮವರು ಮೆಲ್ಲಗೆ ಇದ್ದದ್ದು ಇದ್ದಹಾಗೆ ಹೇಳಿದರು. ಅವರು ನಗಲಿಲ್ಲ, ಸರಿ ಎಂದು ಶ್ರುತಿ ಹಿಡಿದರು. ಎರಡು ಮೂರು ಹಾಡು ಕಳೆಯಿತು. ಮುಂದೆ ದೊಡ್ಡ ಕೃತಿ, ಅದರ ಕೊನೆಗೆ ಮೃದಂಗ ಒಂದೇ ನುಡಿಯುವ ಹೊತ್ತು. ಅಷ್ಟರಲ್ಲಿ ಮುದ್ದೆ ಒಣಗಿ ಅಂಚು ಬಿರುಕು ಬಿಟ್ಟಿತು. ಮಾವನವರು ಮುಂದುಗಡೆಯೇ ಕೂತಿದ್ದಾರೆ.

ವಿದ್ವಾಂಸರು ಓರೆಗಣ್ಣಿನಲ್ಲಿ ನೋಡಿದರಂತೆ. ಹಾಡು ಎತ್ತಿಕೊಳ್ಳದೆ ರಾಗ ಆಲಾಪನೆಗೆ ಇಳಿದರು. ಆಲಾಪನೆಗೆ ಮೃದಂಗ ಬೇಡ ನೋಡಿ. ನಮ್ಮವರು ತಲೆತಗ್ಗಿಸಿ ಒಣಗಿದ್ದನ್ನು ಕೆರೆದು, ಹೊಸದನ್ನು ಮೆತ್ತಿ, ನೀರು ಸವರುವವರೆಗೂ ಆ ಮಹಾನುಭಾವರು ರಾಗ ಬೆಳೆಸುತ್ತಲೇ ಹೋದರು. ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಮೇಲಕ್ಕೆ ಹತ್ತುವರು. ನಮ್ಮವರು ತಲೆ ಎತ್ತಿದ ಮೇಲೆಯೇ ಇಳಿದದ್ದು. ಅಂಥ ಆಲಾಪನೆ ಮತ್ತೆ ಕೇಳಲಿಲ್ಲ, ದೇವರೇ ಹಾಡಿಸಿದ್ದು ಎಂದು ಊರಿನ ಹಿರಿಯರು ಬಹಳ ವರ್ಷ ಕೊಂಡಾಡುತ್ತಿದ್ದರು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡು ಹೌದೌದು ಎನ್ನುತ್ತಿದ್ದೆವು.

ಆಮೇಲೆ ಮೃದಂಗ ನುಡಿದದ್ದನ್ನು ನಾನು ಹೇಳಲಾರೆ, ನನಗೆ ಆ ಮಾತು ಬಾರದು. ಚಪ್ಪರದ ಗದ್ದಲವೆಲ್ಲ ನಿಂತುಹೋಗಿತ್ತು ಎಂಬುದಷ್ಟು ಗೊತ್ತು. ಮಂಗಳ ಆದ ಮೇಲೆ ವಿದ್ವಾಂಸರು ಕೇಳಿದರು: "ಬರೋ ವಾರ ಅರಕಲಗೂಡಿನಲ್ಲಿ ಹಾಡ್ತಾ ಇದ್ದೀನಿ. ಬರ್ತೀಯೇನಪ್ಪಾ? ರವೆ ನಾನೇ ತರ್ತೀನಿ."

ನಮ್ಮವರು ಬಾಯಿ ತೆರೆಯುವ ಮುಂಚೆ ವೇದಿಕೆಯ ಪಕ್ಕದಿಂದ ಮಾವನವರ ದನಿ ಕೇಳಿಸಿತು. "ಬತ್ತಾನೆ ಸ್ವಾಮಿ. ಗಾಡಿ ನಾನೇ ಕಟ್ಟುಸ್ತೀನಿ."

ಅಯ್ಯೋ, ಅವತ್ತು ಭಾರ ಇಳಿದ ನನ್ನ ಎದೆ ಇವತ್ತಿಗೂ ಹಗುರವಾಗಿಯೇ ಇದೆ.

ಒಂದು ಮಾತು ಹೇಳಲೇ ಇಲ್ಲ. ಅವತ್ತು ಹೆಂಗಸರಿಗೆ ವೇದಿಕೆಯ ಹಿಂದುಗಡೆ ಜಾಗ. ನನಗೆ ಕಂಡದ್ದು ನಮ್ಮವರ ಬೆನ್ನು, ಬೆವರಿಗೆ ಅಂಟಿದ ಅಂಗಿ, ಅಷ್ಟೇ. ಆಮೇಲಿನ ಕಚೇರಿಗಳಲ್ಲೂ ಹಾಗೆಯೇ ಆಯಿತು. ಜನ ತುಂಬಿದ ಸಭೆಯಲ್ಲಿ ಅವರ ಕೈ ಓಡುವುದನ್ನು ಎದುರಿಗೆ ಕೂತು ಒಮ್ಮೆಯೂ ನೋಡಲಿಲ್ಲ. ಈಗ ಅವರೂ ಇಲ್ಲ. ಮೊಮ್ಮಗಳ ಬೆರಳು ಥೇಟ್ ತಾತನದೇ ಎಂದು ನೋಡಿದವರೆಲ್ಲ ಹೇಳುತ್ತಾರೆ. ನನಗೆಂದು ಮೊದಲ ಸಾಲಿನಲ್ಲೇ ಕುರ್ಚಿ ಹಿಡಿಸಿದ್ದಾಳಂತೆ. ಕಾರು ಬರುವುದು ನಾಲ್ಕು ಗಂಟೆಗೆ. ನಾನು ಊಟವಾದದ್ದೇ ರೇಷ್ಮೆ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, ಬಾಗಿಲಲ್ಲಿ ಕೂತಿದ್ದೇನೆ.