ಚಮಚ ಬಿಟ್ಟು ಮುಟಗಿ

ಅಂಗನವಾಡಿ ಶಿಕ್ಷಕಿಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಂಗವೈಕಲ್ಯವಿರುವ ಪುಟ್ಟ ಮಕ್ಕಳನ್ನು ಉಳಿದ ಮಕ್ಕಳ ಜೊತೆಗೇ ಹೇಗೆ ಕೂರಿಸಬೇಕು, ಆಡಿಸಬೇಕು ಎಂದು ಬೈಲಹೊಂಗಲ, ಕಿತ್ತೂರು, ರಾಮದುರ್ಗ ಎಲ್ಲ ಕಡೆ ಹೇಳುತ್ತ ತಿರುಗುತ್ತೇನೆ. ಹೇಳಿ ಹೇಳಿ, ನನಗೆ ಎಲ್ಲ ಗೊತ್ತು ಎನ್ನುವ ಸೊಕ್ಕೂ ಸ್ವಲ್ಪ ಬಂದಿತ್ತು.

ಸವದತ್ತಿಯ ತರಬೇತಿಯಲ್ಲಿ ಹೂಲಿ ಕಡೆಯ ಹಳ್ಳಿಯೊಂದರ ಶಿಕ್ಷಕಿ ಎದ್ದು ನಿಂತರು. ಅವರಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಳು. ಕೈಕಾಲು ಬಿಗಿ, ಮುಷ್ಟಿ ಸರಿಯಾಗಿ ಬಿಚ್ಚುವುದಿಲ್ಲ. ದಿನಾ ತೊಡೆಯ ಮೇಲೆ ಕೂರಿಸಿಕೊಂಡು ತಾವೇ ಉಣಿಸುತ್ತಾರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

"ನೀವ ಉಣಿಸಕೋತ ಕುಂತ್ರ ಆಕಿ ಕಲಿಯೂದು ಯಾವಾಗ್ರಿ?" ಎಂದು ಗದರಿಸಿಯೇ ಬಿಟ್ಟೆ. ಹುಡುಗಿ ತಾನೇ ಹಿಡಿದು ಉಣ್ಣಲೆಂದು ದಪ್ಪ ಹಿಡಿಕೆಯ ಚಮಚವೊಂದನ್ನು ಅವರ ಕೈಗಿಟ್ಟೆ.

"ಮಗು ಹಸಕೊಂಡು ಕುಂತ್ರ ನನಗ ತುತ್ತು ಇಳೀತದೇನ್ರಿ, ಮೇಡಂ?" ಎಂದರು ಅವರು.

"ನಾಕು ದಿನ ಮನಸ್ಸು ಗಟ್ಟಿ ಮಾಡ್ರಿ" ಎಂದೆ. ಹೇಳುವವರಿಗೇನು!

ಎರಡು ವಾರ ಬಿಟ್ಟು ಅವರ ಅಂಗನವಾಡಿಗೆ ಹೋದಾಗ ಹುಡುಗಿಯ ಅಜ್ಜಿ ಬಾಗಿಲಲ್ಲೇ ಕುಳಿತಿದ್ದರು, ಮಡಿಲಲ್ಲಿ ಒಂದು ಗಂಟು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಚಮಚಾದ ಮೇಡಂ ನೀವ ಏನ್ರಿ? ಹುಡುಗಿ ದಿನಾ ಹಸಕೊಂಡು ಮನಿಗೆ ಬರತೈತಿ. ಇವತ್ತೂ ಉಣಲಿಲ್ಲಂದ್ರ ನಾಳಿಂದ ಕಳಸೂದಿಲ್ಲ."

ಒಮ್ಮೆ ಬಿಡಿಸಿದರೆ ಇಂಥ ಮಕ್ಕಳು ಮತ್ತೆ ಬರುವುದು ಕಡಿಮೆ. ಮುಂದೆ ಶಾಲೆಯ ಮುಖವನ್ನೂ ನೋಡುವುದಿಲ್ಲ.

ಊಟದ ಹೊತ್ತಾಯಿತು. ಹುಡುಗಿಯನ್ನು ಗೋಡೆಯ ಮೂಲೆಗೆ ಒರಗಿಸಿ ಕೂರಿಸಿದ್ದರು. ಚಮಚ ಬಾಯಿ ತಲುಪುವುದರೊಳಗೆ ಉಪ್ಪಿಟ್ಟು ಫ್ರಾಕಿನ ಪಾಲಾಯಿತು. ಎರಡನೇ ಸಲ ಚಮಚವೇ ಬಿತ್ತು. ಪಕ್ಕದ ಮಕ್ಕಳು ನಕ್ಕರು, ಅವಳೂ ನಕ್ಕಳು. ನಾನು ಮಾತ್ರ ಬಾಗಿಲಲ್ಲಿದ್ದ ಅಜ್ಜಿಯನ್ನೇ ನೋಡುತ್ತಿದ್ದೆ.

ಶಿಕ್ಷಕಿ ನನ್ನನ್ನೊಮ್ಮೆ ನೋಡಿ, ಚಮಚ ಎತ್ತಿ ಬದಿಗಿಟ್ಟರು. "ಆಯಿ, ಗಂಟಿನ್ಯಾಗ ಏನ ತಂದೀರಿ?"

ಜೋಳದ ರೊಟ್ಟಿ. ಮೊಮ್ಮಗಳು ಇವತ್ತೂ ಹಸಿದೇ ಇರುತ್ತಾಳೆಂದು ಅಜ್ಜಿ ಕಟ್ಟಿಕೊಂಡು ಬಂದಿದ್ದರು. ಶಿಕ್ಷಕಿ ಅದನ್ನು ಬಿಸಿ ಮಾಡಿ, ಬೆಳ್ಳುಳ್ಳಿ, ಉಪ್ಪು, ತುಪ್ಪ ಹಾಕಿ ಮೆತ್ತಗೆ ಕುಟ್ಟಿ, ಅಂಗೈಯಲ್ಲಿ ಒತ್ತಿ ಉದ್ದನೆಯ ಮುಟಗಿ ಮಾಡಿದರು. ನಮ್ಮ ಕಡೆ ಮುಟಗಿ ತಿನ್ನದೆ ಬೆಳೆದ ಮಗು ಯಾವುದು? ನಾನೂ ಅದನ್ನೇ ತಿಂದು ದೊಡ್ಡವಳಾದವಳು. ಆದರೂ ಪೇಟೆಯಿಂದ ಚಮಚ ಹೊತ್ತು ತಂದಿದ್ದೆ.

ಬಿಗಿದ ಮುಷ್ಟಿಯೊಳಗೆ ಮುಟಗಿ ಗಟ್ಟಿಯಾಗಿ ಕೂತಿತು, ಬೀಳಲಿಲ್ಲ. ಮೊದಲು ಕೆನ್ನೆಗೆ ಹೋಯಿತು, ಆಮೇಲೆ ಮೂಗಿಗೆ. ಪಕ್ಕಕ್ಕೆ ಬಂದು ಕುಳಿತಿದ್ದ ಅಜ್ಜಿ ಉಣಿಸಲು ಕೈ ಚಾಚಿದರು.

"ಕೈ ಹಚ್ಚಬ್ಯಾಡ್ರಿ, ಆಯಿ" ಎಂದು ತಡೆದರು ಶಿಕ್ಷಕಿ. ತೊಡೆಯ ಮೇಲೆ ಕೂರಿಸಿಕೊಂಡು ಉಣಿಸುತ್ತಿದ್ದವರು ಇವರೇ! ಮೂರನೇ ಸಲಕ್ಕೆ ಬಾಯಿ ಸಿಕ್ಕಿತು. ಕಚ್ಚಿದಳು, ಅಗಿದಳು, ಇನ್ನೊಮ್ಮೆ ಕಚ್ಚಿದಳು.

ಮಗು ಉಣ್ಣುವಾಗ ನೋಡುವ ದೊಡ್ಡವರ ಬಾಯಿ ತಾನಾಗಿ ತೆರೆಯುತ್ತದಲ್ಲ, ಅಜ್ಜಿಯದೂ ಹಾಗೆ ತೆರೆದಿತ್ತು. ಹುಡುಗಿ ಅದನ್ನು ಕಂಡಳು. ನಡುಗುವ ಕೈಯನ್ನು ಚಾಚಿ, ಮುಷ್ಟಿಯಿಂದ ಹೊರಗಿದ್ದ ಮುಟಗಿಯ ತುದಿಯನ್ನು ಅಜ್ಜಿಯ ಬಾಯಿಗೆ ತುರುಕಿದಳು.

ಅಜ್ಜಿ ಬಹಳ ಹೊತ್ತು ಅಗಿದರು. ಸೆರಗಿನಿಂದ ಕಣ್ಣು ಮೂಗು ಒರೆಸಿಕೊಂಡು ಶಿಕ್ಷಕಿಗೆ ಹೇಳಿದರು:

"ನಾಳಿ ತುಪ್ಪ ನಾನ ತರತೇನಿ. ನೀವು ಭಾಳ ಕಡಿಮಿ ಹಾಕೀರಿ."