ಮೋಚಿಯ ಡಬ್ಬಿ

ಆಫೀಸಿನ ಕೆಲಸಕ್ಕೆಂದು ಒಂದು ವಾರ ಟೋಕಿಯೋದಲ್ಲಿ ಇದ್ದು ಬಂದ ಮೇಲೆ ಜಪಾನಿನ ಸಿಹಿತಿಂಡಿಯ ವಿಷಯದಲ್ಲಿ ನನ್ನ ಗಂಡನ ಮಾತೇ ಕೊನೆಯ ಮಾತು. ಗ್ರೋಸರಿ ಅಂಗಡಿಯ ಫ್ರೀಜರಿನಿಂದ ಐಸ್‌ಕ್ರೀಮ್ ಮೋಚಿ ಕೊಳ್ಳುವವರನ್ನು ಅವನು ಮನುಷ್ಯರೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜವಾದ ಮೋಚಿಯನ್ನು, ಅಂದರೆ ಹೂರಣ ತುಂಬಿದ ಆ ಮೆತ್ತನೆಯ ಅಕ್ಕಿಯ ಉಂಡೆಯನ್ನು, ಬೆಳಿಗ್ಗೆ ಮಾಡಿ ಸಂಜೆಯೊಳಗೆ ತಿನ್ನಬೇಕಂತೆ. ಅದಕ್ಕೆ ಸ್ಯಾನ್ ಹೋಸೆಯ ಜಪಾನ್‌ಟೌನಿಗೇ ಹೋಗಬೇಕಂತೆ. ಪಕ್ಕದ ಬೀದಿಯಿಂದ ಹಾಲು ತರಲು ಪುರುಸೊತ್ತಿಲ್ಲದ ಮಹಾನುಭಾವ ಶನಿವಾರ ಬೆಳಗಾದರೆ ನಾವಿರುವ ಸ್ಯಾನ್ ರಮೋನಿನಿಂದ 680 ಹೆದ್ದಾರಿ ಹಿಡಿದು ಹೊರಟುಬಿಡುತ್ತಾನೆ.

ಆಗ ಉಡುಪಿಯಿಂದ ಅಮ್ಮ ಬಂದಿದ್ದಳು. ತಿಂಗಳು ತುಂಬುವ ಮೊದಲೇ, ಟಿಕೆಟಿನ ದಿನ ಬದಲಿಸಿ ತನ್ನನ್ನು ಬೇಗ ಕಳಿಸು ಎಂದು ಹಟ ಹಿಡಿದಳು. ಇಲ್ಲಿ ಕೊಟ್ಟು ತೆಗೆದುಕೊಳ್ಳಲು ಒಬ್ಬರೂ ಇಲ್ಲ ಎಂಬುದು ಅವಳ ದೂರು. ಸುಳ್ಳೂ ಅಲ್ಲ. ನಮ್ಮ ಬೀದಿಯಲ್ಲಿ ನೆರೆಯವರೆಂದರೆ ಗ್ಯಾರೇಜಿನ ಬಾಗಿಲು ಏಳುವ, ಇಳಿಯುವ ಸದ್ದು ಅಷ್ಟೆ. ದೇವಸ್ಥಾನ, ಕನ್ನಡ ಸಂಘ, ಬೀಚು ಎಲ್ಲ ತೋರಿಸಿದೆ. ಅವಳು ಜಗ್ಗಲಿಲ್ಲ. ನನಗೋ ಅವಳು ಇರಬೇಕಿತ್ತು. ಸಂಜೆ ಮನೆಗೆ ಬಂದಾಗ ಬೈಯಲು ಒಬ್ಬರಿರುವುದು ಎಷ್ಟು ದೊಡ್ಡ ಸುಖ ಎಂಬುದನ್ನು ನಾನು ಮರೆತೇಹೋಗಿದ್ದೆ.

ಆ ಶನಿವಾರ ಬಂದ ಮೋಚಿಯನ್ನು ಅಮ್ಮ ತಿರುಗಿಸಿ ನೋಡಿದಳು. "ಮೊಟ್ಟೆ ಗಿಟ್ಟೆ ಇಲ್ಲ ಅಲ್ವಾ?"

ಅಕ್ಕಿ, ಕೆಂಪು ಕಾಳಿನ ಹೂರಣ, ಅದರ ಚರಿತ್ರೆ ಎಂದು ಗಂಡ ಉಪನ್ಯಾಸ ಶುರುಮಾಡಿದ. ಅಮ್ಮ ನಿಧಾನವಾಗಿ ಅಗಿದಳು.

"ಕಡುಬೇ ಇದು. ಪಾಪ, ಏಲಕ್ಕಿ ಹಾಕ್ಲಿಕ್ಕೆ ಮರ್ತಿದ್ದಾರೆ."

ಟೋಕಿಯೋದ ಜ್ಞಾನ ಅಲ್ಲಿಗೆ ಮುಗಿಯಿತು. ಆದರೆ ಅಮ್ಮನ ಕಣ್ಣು ಡಬ್ಬಿಯ ಮೇಲಿತ್ತು. ಹೂವಿನ ಚಿತ್ರದ ಗಟ್ಟಿ ರಟ್ಟಿನ ಡಬ್ಬಿ. ಸುತ್ತಿದ್ದ ಕಾಗದವನ್ನೂ ಹರಿಯದೆ ಬಿಚ್ಚಿ ಮಡಿಸಿಟ್ಟಿದ್ದಳು.

"ಇದನ್ನು ಯಾವಾಗ ವಾಪಸ್ ಕೊಡುದು?"

"ಬಿಸಾಕೋದಮ್ಮ ಅದು."

"ಇಷ್ಟು ಚಂದದ ಡಬ್ಬಿಯನ್ನಾ? ನಿನಗೆ ಎಂಥ ಮರ್ಲಾ ಮಾರಾಯ್ತಿ?"

ಮುಂದಿನ ಶನಿವಾರ ಅಮ್ಮನೂ ಕಾರು ಹತ್ತಿದಳು. ಡಬ್ಬಿಯ ತುಂಬ ಎಳ್ಳುಂಡೆ. ಖಾಲಿ ಕೊಡಲಿಕ್ಕುಂಟೇ? ಅಂಗಡಿಯಲ್ಲಿ ಉದ್ದದ ಸಾಲು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಗಂಡ ತನಗೂ ನಮಗೂ ಸಂಬಂಧವೇ ಇಲ್ಲದವನಂತೆ ಗಾಜಿನೊಳಗಿನ ತಿಂಡಿಗಳನ್ನು ಅಧ್ಯಯನ ಮಾಡುತ್ತಿದ್ದ. ಅಂಗಡಿಯ ಮುದುಕಿ ತನ್ನದೇ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಚ್ಚಳ ತೆರೆದು ಎಳ್ಳಿನ ಪರಿಮಳ ಮೂಸಿ, ಅಮ್ಮನಿಗೆ ಬಾಗಿ ನಮಸ್ಕರಿಸಿದಳು. ಅಮ್ಮ ಅವಳಿಗಿಂತಲೂ ಬಾಗಿದಳು.

ಮರುವಾರ ಗಂಡ ಒಬ್ಬನೇ ಹೋಗಿಬಂದ. ಅಮ್ಮನಿಗೆಂದು ಮುದುಕಿ ಅದೇ ಡಬ್ಬಿಯಲ್ಲಿ ಗುಲಾಬಿ ಬಣ್ಣದ ಮೋಚಿ ಇಟ್ಟು ಕಳಿಸಿದ್ದಳು. ಆ ರಾತ್ರಿ ಊಟದ ಹೊತ್ತಿಗೆ, ಟಿಕೆಟಿನ ದಿನ ಬದಲಿಸಲೇ ಎಂದು ಎದೆ ಗಟ್ಟಿಮಾಡಿಕೊಂಡು ಕೇಳಿದೆ.

"ಅವರ ಡಬ್ಬಿ ನಮ್ಮಲ್ಲಿ ಉಂಟಲ್ಲ," ಎಂದಳು ಅಮ್ಮ. "ಹೇಗೆ ಹೋಗುದು?"

ದೇವಸ್ಥಾನದಿಂದ, ಸಮುದ್ರದಿಂದ, ಹೆತ್ತ ಮಗಳಿಂದ ಆಗದ್ದು ರಟ್ಟಿನಿಂದ ಆಯಿತು. ಮುಂದಿನ ಶನಿವಾರ ಚಕ್ಕುಲಿ ತುಂಬಿದ ಡಬ್ಬಿ ಹಿಡಿದು ಹೊರಟ ಗಂಡನನ್ನು ಬಾಗಿಲಲ್ಲಿ ತಡೆದು ಮೆಲ್ಲಗೆ ಹೇಳಿದೆ:

"ಡಬ್ಬಿ ಇಲ್ದೆ ಬಂದ್ರೆ ಮನೆಗೇ ಬರ್ಬೇಡ."